ಬೀಳುವ ಮೊದಲೇ ಕೊಟ್ಟ ಅರ್ಜಿ

ಪುರಸಭೆಯ ಹತ್ತಿರ ದುಡ್ಡಿತ್ತು. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಆ ಊರಿನ ರಸ್ತೆಯಲ್ಲಿ ಒಮ್ಮೆ ನಡೆದವರಿಗೆ ಆಮೇಲೆ ಹೇಳಿದರೆ ನಂಬುವುದಿಲ್ಲ. ಎರಡು ಕೋಟಿ ಎಪ್ಪತ್ತು ಲಕ್ಷ, ಮೀಸಲು ನಿಧಿ ಎಂಬ ಹೆಸರಿನಲ್ಲಿ ಬ್ಯಾಂಕಿನಲ್ಲಿ ಹಾಯಾಗಿ ಮಲಗಿತ್ತು. ಬೇರೆ ಊರಿನವರು ನಿಧಿ ಖಾಲಿ ಮಾಡಿ ಗುಂಡಿ ತುಂಬಿಸಿಕೊಂಡರೆ, ಇವರು ಗುಂಡಿಗಳನ್ನು ಹಾಗೇ ಬಿಟ್ಟು ನಿಧಿ ತುಂಬಿಸಿಕೊಂಡಿದ್ದರು. ‘ಅತ್ಯುತ್ತಮ ಮೀಸಲು ನಿಧಿ ಹೊಂದಿರುವ ಪುರಸಭೆ’ ಎಂದು ಸತತ ಮೂರು ವರ್ಷ ಫಲಕ ಬಂದಿತ್ತು. ಮೊದಲ ಫಲಕ ನೇತುಹಾಕಲು ಗೋಡೆಗೆ ಮೊಳೆ ಹೊಡೆದಾಗ ಅಂಗೈಯಗಲದ ಗಾರೆ ಉದುರಿತು. ಗಾರೆ ಮೆತ್ತಿಸಲು ದುಡ್ಡಿಲ್ಲದ್ದರಿಂದ ಮೂರೂ ಫಲಕಗಳನ್ನು ಕಪಾಟಿಗೆ ಒರಗಿಸಿ ನೆಲದ ಮೇಲೆ ನಿಲ್ಲಿಸಿದ್ದರು.

ಈ ನಿಧಿಗೂ ನಮ್ಮ ಲಗತ್ತಪ್ಪನಿಗೂ ಇದ್ದ ಸಂಬಂಧ ಇಷ್ಟೇ: ವರ್ಷಕ್ಕೊಮ್ಮೆ ಬ್ಯಾಂಕಿನವರು ತಿಳಿಸಿದ ಮೊತ್ತವನ್ನು ದೊಡ್ಡ ಪುಸ್ತಕದಲ್ಲಿ ಬರೆದು, ಕೆಳಗೆ ‘ಪರಿಶೀಲಿಸಿದೆ’ ಎಂದು ಸಹಿ ಹಾಕುವುದು. ಆತ ಪುರಸಭೆಯ ಗುಮಾಸ್ತ. ಲಗತ್ತಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಕಚೇರಿಯವರು ಇಟ್ಟದ್ದು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಆತ ಒಂಟಿ ಕಾಗದವನ್ನು ಯಾರಿಗೂ ಕಳಿಸಿದವನಲ್ಲ. ಯಾವ ಕಾಗದ ಕೈಗೆ ಬಂದರೂ ಅದರ ಹಿಂದಿನದು, ಅದಕ್ಕೂ ಹಿಂದಿನದು, ಎಲ್ಲವನ್ನೂ ದಾರದಲ್ಲಿ ಪೋಣಿಸಿ ‘ಲಗತ್ತಿಸಿದೆ’ ಎಂದು ಬರೆದರೇನೇ ಅವನಿಗೆ ಅನ್ನ ಇಳಿಯುತ್ತಿದ್ದದ್ದು. ಒಮ್ಮೆ ರಜೆ ಕೇಳುವ ಅರ್ಜಿಗೆ, ಹಿಂದಿನ ವರ್ಷ ರಜೆ ಕೊಡುವುದಿಲ್ಲ ಎಂದಿದ್ದ ಆದೇಶವನ್ನು ತಾನೇ ಲಗತ್ತಿಸಿ, ಆ ವರ್ಷದ ರಜೆಯನ್ನೂ ಕಳೆದುಕೊಂಡ ಪುಣ್ಯಾತ್ಮ.

ಒಂದು ಭಾನುವಾರ ಮಾವ ಊಟಕ್ಕೆ ಬಂದರು. ಮಾವ ನಿವೃತ್ತ ಹೆಡ್ ಮಾಸ್ತರು. ನಿವೃತ್ತಿಯಾದದ್ದು ಶಾಲೆಯಿಂದ, ಮಾಸ್ತರಿಕೆಯಿಂದಲ್ಲ. ಅವರು ಅಳಿಯನನ್ನು ‘ಅಳಿಯಂದಿರೇ’ ಎಂದು ಬಹುವಚನದಲ್ಲೇ ಕರೆಯುತ್ತಿದ್ದರು. ಅದರಲ್ಲಿ ಮರ್ಯಾದೆ ಎಷ್ಟು, ಕೊಂಕು ಎಷ್ಟು ಎಂಬುದು ಹದಿನಾರು ವರ್ಷವಾದರೂ ಲಗತ್ತಪ್ಪನಿಗೆ ಗೊತ್ತಾಗಿರಲಿಲ್ಲ.

“ದೊಡ್ಡಳಿಯ ಎರಡನೇ ಟೈರ್ ಅಂಗಡಿ ತೆಗೆದ,” ಎಂದರು ಮಾವ, ಅನ್ನ ಕಲಸುತ್ತಾ. “ನಾಲ್ಕು ಜನ ಕೆಲಸಕ್ಕಿದ್ದಾರೆ. ದಿನಕ್ಕೆ ಎರಡು ಲಕ್ಷದ ವ್ಯಾಪಾರವಂತೆ. ಅಳಿಯಂದಿರೇ, ನಿಮ್ಮ ಕಚೇರಿಯಲ್ಲಿ ಏನು ವಿಶೇಷ? ಫ್ಯಾನ್ ತಿರುಗುತ್ತಾ ಈಗ?”

“ತಿರುಗುತ್ತೆ ಮಾವ. ನಿಧಾನಕ್ಕೆ.”

ಬಡಿಸುತ್ತಿದ್ದ ಹೆಂಡತಿ ತಲೆ ತಗ್ಗಿಸಿದಳು. ಬೈದಿದ್ದರೆ ಲಗತ್ತಪ್ಪ ತಡೆದುಕೊಳ್ಳುತ್ತಿದ್ದ. ತಲೆ ತಗ್ಗಿಸಿದ್ದನ್ನು ತಡೆಯಲಾಗಲಿಲ್ಲ. ನೀರು ಕುಡಿದು ಲೋಟ ಕುಕ್ಕಿದ.

“ಎರಡು ಲಕ್ಷ ಏನು ಮಹಾ ಮಾವ! ನನ್ನ ಕೈಯಲ್ಲಿ ಎರಡು ಕೋಟಿ ಎಪ್ಪತ್ತು ಲಕ್ಷ ಇದೆ. ನನ್ನ ಸಹಿ ಇಲ್ಲದೆ ಒಂದು ಕಾಸು ಅಲ್ಲಾಡಲ್ಲ.”

ಇದು ಪೂರ್ತಿ ಸುಳ್ಳಲ್ಲ. ಅವನ ಸಹಿ ಇಲ್ಲದೆ ಅಲ್ಲಾಡುತ್ತಿರಲಿಲ್ಲ. ಸಹಿ ಇದ್ದರೂ ಅಲ್ಲಾಡುತ್ತಿರಲಿಲ್ಲ, ಅಷ್ಟೇ. ಮಾವನ ಕೈ ತುತ್ತಿನ ಸಮೇತ ಅರ್ಧದಲ್ಲಿ ನಿಂತಿತು. ಕಿಟಕಿಯಾಚೆ, ಪಕ್ಕದ ಮನೆಯಲ್ಲಿ ಬೆಳಗಿನಿಂದ ಗಡಗಡ ಎನ್ನುತ್ತಿದ್ದ ಟೈಲರಕ್ಕನ ಹೊಲಿಗೆ ಯಂತ್ರವೂ ನಿಂತಿತು. ಮಾವನ ಕೈ ನಿಂತದ್ದು ಲಗತ್ತಪ್ಪನಿಗೆ ಕಂಡಿತು. ಯಂತ್ರ ನಿಂತದ್ದು ಕೇಳಿಸಲಿಲ್ಲ. ಅವನ ಕಷ್ಟವೆಲ್ಲ ಶುರುವಾದದ್ದು ಅಲ್ಲಿಂದ.

ಮಾರನೆಯ ಬೆಳಗ್ಗೆ ಹಲ್ಲುಜ್ಜುತ್ತಾ ಬಾಗಿಲು ತೆಗೆದರೆ ಬೀದಿಯೇ ಬಂದು ನಿಂತಿದೆ. ಮುಂದೆ ಟೈಲರಕ್ಕ, ಕುತ್ತಿಗೆಯಲ್ಲಿ ಅಳತೆ ಟೇಪು.

“ಅಲ್ಲಪ್ಪಾ, ಎರಡು ಕೋಟಿ ಕೈಯಲ್ಲಿಟ್ಕೊಂಡು ನಮ್ಮ ಜೊತೆ ಇದೇ ಮುರುಕು ಸೇತುವೆ ಮೇಲೆ ಓಡಾಡ್ತೀರಲ್ಲ, ನಿಮ್ಮಂಥ ಸರಳ ಜನ ಎಲ್ಲಿ ಸಿಗ್ತಾರೆ! ಸೇತುವೆ ಒಂದು ಮಾಡಿಸಿಬಿಡಿ, ಸಾಕು. ಬೇರೇನೂ ಕೇಳಲ್ಲ.”

ಆ ಬೀದಿಗೆ ಇದ್ದದ್ದು ಒಂದೇ ದಾರಿ. ಒಂದು ತುದಿಗೆ ಕಾರ್ಖಾನೆಯ ಎತ್ತರದ ಗೋಡೆ, ಇನ್ನೊಂದು ತುದಿಗೆ ಊರಿನ ದೊಡ್ಡ ಚರಂಡಿ, ಅದರ ಮೇಲೊಂದು ಕಿರುಸೇತುವೆ. ಹುಟ್ಟಿದ ಮಗು ಬರಬೇಕಾದರೂ ಅದರ ಮೇಲೆಯೇ, ಸತ್ತವರು ಹೋಗಬೇಕಾದರೂ ಅದರ ಮೇಲೆಯೇ. ಗುಂಪಿನ ಹಿಂದಿನಿಂದ ಇಸ್ತ್ರಿ ಗಾಡಿಯವನು ಮುಂದೆ ಬಂದ.

“ಅಣ್ಣಾ, ನನ್ನ ಹೆಂಡ್ತಿಗೆ ಇನ್ನು ಎರಡು ತಿಂಗಳು. ಆಟೋದವರು ಸೇತುವೆ ನೋಡಿ ಆಚೇನೇ ನಿಲ್ಲಿಸ್ತಾರೆ. ನೋವು ಬಂದಾಗ ಅವಳನ್ನ ಹ್ಯಾಗಣ್ಣ ದಾಟಿಸ್ಲಿ?”

‘ನನ್ನ ಕೈಯಲ್ಲಿ ಏನೂ ಇಲ್ಲಪ್ಪ’ ಎಂದುಬಿಟ್ಟಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಬಾಯಿಯಿಂದ ನೊರೆ ಇಳಿಯುತ್ತಿರುವಾಗಲೂ ಮನುಷ್ಯನಿಗೆ ದೊಡ್ಡವನಾಗುವ ಆಸೆ ಹೋಗುವುದಿಲ್ಲ. “ಒಂದು ಅರ್ಜಿ ಹಾಕ್ತೀನಿ,” ಎಂದ ಲಗತ್ತಪ್ಪ. “ಕೆಲಸ ಆಯ್ತು ಅಂತಲೇ ತಿಳ್ಕೊಳ್ಳಿ.”

ಅವನಿಗೆ ಒಂದು ಒಳ್ಳೆಯ ಗುಣವಿತ್ತು: ಸುಮ್ಮನೆ ಕೊಚ್ಚಿಕೊಂಡರೂ ಕೆಲಸವನ್ನು ಸುಮ್ಮನೆ ಮಾಡುತ್ತಿರಲಿಲ್ಲ. ಕಚೇರಿಯ ಅಡಿಪಟ್ಟಿ ತೆಗೆದುಕೊಂಡು ಹೋಗಿ ಸೇತುವೆಯ ಮೇಲೆ ಮಂಡಿಯೂರಿ ಕುಳಿತ. ನಡುವಿನ ಬಿರುಕಿನೊಳಗೆ ಅಡಿಪಟ್ಟಿ ಇಳಿಸಿದರೆ ಅದು ಪೂರ್ತಿ ಇಳಿದು, ಅವನ ಮುಂಗೈಯನ್ನೂ ಕರೆದುಕೊಂಡು ಹೋಯಿತು. ಕಬ್ಬಿಣದ ಸರಳುಗಳು ತುಕ್ಕು ಹಿಡಿದು ಬೆರಳಲ್ಲಿ ಪುಡಿಯಾಗುತ್ತಿದ್ದವು. ಅಷ್ಟರಲ್ಲಿ ಇಸ್ತ್ರಿಯವನ ಹೆಂಡತಿ ಬಟ್ಟೆಗಂಟು ಹೊತ್ತು ಆ ಕಡೆಯಿಂದ ಬಂದಳು. ಅವಳು ಒಂದೊಂದು ಹೆಜ್ಜೆ ಇಟ್ಟಾಗಲೂ ಇವನ ಮಂಡಿಯಡಿಯ ನೆಲ ನಡುಗಿತು. ಗಂಟು ಇಸಿದುಕೊಂಡು, ಕೈ ಹಿಡಿದು ದಾಟಿಸಿ ಬಂದ. ಅವನಿಗೆ ನಿಜವಾಗಿಯೂ ಭಯವಾಗಿತ್ತು. ಆ ದಿನ ಬರೆದ ಅರ್ಜಿ ಅವನ ಜೀವಮಾನದಲ್ಲೇ ಚೊಕ್ಕವಾದದ್ದು: ಬಿರುಕಿನ ಉದ್ದ, ಅಗಲ, ಆಳ, ಸರಳುಗಳ ಸಂಖ್ಯೆ, ಕೊನೆಯಲ್ಲಿ ‘ಇಂದಿನಿಂದ ಎರಡು ತಿಂಗಳೊಳಗೆ ಸೇತುವೆ ಖಂಡಿತ ಬೀಳುತ್ತದೆ’ ಎಂಬ ಸಾಲು.

ಕಚೇರಿಗೆ ಬಂದ ಕಾಗದಗಳನ್ನು ದಾಖಲಿಸುವ ಆವಕ ಪುಸ್ತಕದಲ್ಲಿ ನಂಬರು ಹಾಕಿಸಿ, ಅರ್ಜಿಯನ್ನು ಮುಖ್ಯಾಧಿಕಾರಿಯ ಮೇಜಿನ ಮೇಲಿಟ್ಟ. ಮುಖ್ಯಾಧಿಕಾರಿ ಒಂದು ಸಲ ಓದಿದರು. ಎದ್ದು ಹೋಗಿ ಬಾಗಿಲು ಹಾಕಿ ಬಂದು ಇನ್ನೊಂದು ಸಲ ಓದಿದರು.

“ಯಾರ್ರೀ ಇದನ್ನ ಬರೆಯೋಕೆ ಹೇಳಿದ್ದು?”

“ಯಾರೂ ಹೇಳಿಲ್ಲ ಸಾರ್. ನಾನೇ ಅಳತೆ ಮಾಡಿ…”

“ಅಳತೆ ಬೇರೆ! ರೀ, ಮೀಸಲು ನಿಧಿ ಇರೋದು ಯಾವುದಕ್ಕೆ?”

“ಮುಂಚಿತವಾಗಿ ಊಹಿಸಲಾಗದ ವೆಚ್ಚಕ್ಕೆ ಮಾತ್ರ ಸಾರ್. ನಿಯಮ ಹದಿನಾಲ್ಕು.”

“ಈ ಸೇತುವೆ ಬೀಳುತ್ತೆ ಅಂತ ಊಹಿಸಿದ್ದು ಯಾರು?”

“ನಾನೇ ಸಾರ್,” ಎಂದ ಲಗತ್ತಪ್ಪ, ಎದೆಯುಬ್ಬಿಸಿ.

“ಮುಗೀತಲ್ಲ!” ಮುಖ್ಯಾಧಿಕಾರಿ ಹಣೆ ಹಣೆ ಚಚ್ಚಿಕೊಂಡರು. “ಅದರ ಪಾಡಿಗೆ ಅದು ಬಿದ್ದಿದ್ರೆ ಮಾರನೇ ದಿನವೇ ದುಡ್ಡು ಬಿಡುಗಡೆ ಆಗ್ತಿತ್ತು. ಯಾರಿಗೂ ಗೊತ್ತಿರಲಿಲ್ಲ, ದಿಢೀರ್ ಅಂತ ಬಿತ್ತು ಅಂತ ಬರೀತಿದ್ದೆ. ಈಗ ನೀವು ಊಹಿಸಿ, ನಂಬರ್ ಬೇರೆ ಹಾಕಿಸಿದ್ದೀರಿ. ಇನ್ನು ಅದು ಬಿದ್ರೂ ಒಂದು ಕಾಸು ಕೊಡೋ ಹಾಗಿಲ್ಲ. ಕೂತ ಕೊಂಬೆ ಕಡಿದ್ರಲ್ಲ ಮಾರಾಯ್ರೇ!”

“ಹಾಗಾದ್ರೆ ಬಜೆಟ್‌ನಲ್ಲಿ ರಿಪೇರಿಗೆ ಅಂತ ಇಟ್ಟಿರೋ ದುಡ್ಡು ಸಾರ್…”

“ರಿಪೇರಿಗೆ ಅಂತ ಇಟ್ಟಿದ್ದನ್ನೆಲ್ಲ ಉಳಿಸಿ ಉಳಿಸಿ ತಾನೇ ಮೀಸಲು ನಿಧಿಗೆ ಹಾಕಿರೋದು? ಮೂರು ಫಲಕ ಸುಮ್ನೆ ಬಂತಾ? ಖರ್ಚು ಮಾಡೋಕೆ ಯಾರಿಗೂ ಬರುತ್ತೆ ರೀ, ಇಟ್ಕೊಂಡು ಕೂರೋದಕ್ಕೆ ಗುಂಡಿಗೆ ಬೇಕು.”

ಕಡೆಗೆ ಉಪಾಯವನ್ನೂ ಅವರೇ ಹೇಳಿದರು. ಸೇತುವೆ ಗಟ್ಟಿಯಾಗಿದೆ ಎಂದು ಇಂಜಿನಿಯರು ಬರೆದುಕೊಡಬೇಕು. ಗಟ್ಟಿಯಾಗಿದೆ ಎಂದ ಮೇಲೆ ಅದು ಬಿದ್ದರೆ ಯಾರೂ ಊಹಿಸದ ಸಂಗತಿ. ಆಗ ನಿಧಿ ತೆರೆಯಬಹುದು. “ಈ ಅರ್ಜಿಯನ್ನ ಎಲ್ಲಾದ್ರೂ ಪುಸ್ತಕದ ಅಡಿಗೆ ಹಾಕಿ. ಯಾರ ಕಣ್ಣಿಗೂ ಬೀಳಬಾರದು. ಅರ್ಥ ಆಯ್ತಾ?”

ಅರ್ಥವಾಯಿತು ಎಂದು ಲಗತ್ತಪ್ಪ ತಲೆಯಾಡಿಸಿದ.

ಬೀದಿಗೆ ಅರ್ಥ ಮಾಡಿಸುವುದು ಅಷ್ಟು ಸುಲಭವಾಗಲಿಲ್ಲ. “ಅಂದ್ರೆ ಸೇತುವೆ ಗಟ್ಟಿ ಇದೆ ಅಂತ ಹೇಳಿದ್ರೆ ಮಾತ್ರ ಅದನ್ನ ರಿಪೇರಿ ಮಾಡ್ತಾರಾ?” ಎಂದು ಟೈಲರಕ್ಕ ನಾಲ್ಕು ಸಲ ಕೇಳಿದಳು. ನಾಲ್ಕನೆಯ ಸಲ ಅವಳ ದನಿ ಬೀದಿಯ ಆ ತುದಿಗೂ ಕೇಳಿಸಿತು. “ಬೀಳೋ ಸೇತುವೆಗೆ ನೆಟ್ಟಗೆ ಬೀಳೋಕೂ ಬಿಡಲಿಲ್ಲವಲ್ಲಪ್ಪ ನೀವು! ಎರಡು ಕೋಟಿ ಕೈಯಲ್ಲಿರೋದು ಆಮೇಲಾಯ್ತು, ಬಾಯಿ ಕೈಯಲ್ಲಿದ್ದಿದ್ರೆ ಸಾಕಿತ್ತು.”

ಇಂಜಿನಿಯರು ಬಂದ ದಿನ ಸೇತುವೆಗೆ ಹತ್ತು ಹೆಜ್ಜೆ ದೂರದಲ್ಲಿ ನಿಂತರು. ಅಲ್ಲಿಂದ ಮುಂದೆ ಬರಬೇಕೆಂದಾಗ ಅವರಿಗೆ ಹೆಂಡತಿ ಮಕ್ಕಳ ನೆನಪಾಯಿತು. “ನಾನು ತಜ್ಞ,” ಎಂದರು. “ದೂರದಿಂದಲೇ ಗೊತ್ತಾಗುತ್ತೆ. ಆದರೆ ಸ್ಥಳೀಯರು ಮೇಲೆ ನಿಂತು ಹೇಳಿಕೆ ಕೊಡಬೇಕು.”

ಹದಿನೆಂಟು ಜನ ಸೇತುವೆ ಹತ್ತಿದರು. ಎಲ್ಲರೂ ತುದಿಗಾಲಲ್ಲಿ, ಎಲ್ಲರೂ ಉಸಿರು ಬಿಗಿಹಿಡಿದು, ಎಲ್ಲರ ಮುಖದಲ್ಲೂ ಫೋಟೋಕ್ಕೆ ನಿಂತಂಥ ನಗು.

“ಗಟ್ಟಿ ಇದೆಯಾ?”

“ಬಂಡೆ ಸಾರ್!” ಎಂದರು ಹದಿನೆಂಟು ಜನ, ಮೆಲ್ಲಗೆ. ಜೋರಾಗಿ ಹೇಳಿದರೆ ಏನಾದೀತೋ ಎಂಬ ಅಂಜಿಕೆ.

ಅಷ್ಟರಲ್ಲಿ ಸೇತುವೆಯ ಒಂದು ಮೂಲೆ ಕಳಚಿ ಚರಂಡಿಗೆ ಬಿತ್ತು. ಗುಳುಂ!

“ಏನದು ಸದ್ದು?”

“ಕಪ್ಪೆ ಸಾರ್,” ಎಂದಳು ಟೈಲರಕ್ಕ.

“ಅಷ್ಟು ದೊಡ್ಡ ಕಪ್ಪೆನಾ?”

“ಹಳೇ ಕಪ್ಪೆ ಸಾರ್. ಸೇತುವೆ ಕಟ್ಟಿದಾಗಿಂದ ಇದೆ. ಅಷ್ಟು ವರ್ಷದಿಂದ ತಲೆ ಮೇಲೆ ಒಂದು ಕಲ್ಲೂ ಬಿದ್ದಿಲ್ಲ ನೋಡಿ ಅದಕ್ಕೆ, ಚೆನ್ನಾಗಿ ಬೆಳೆದಿದೆ.”

ಇಂಜಿನಿಯರಿಗೆ ಇದು ತಾಂತ್ರಿಕವಾಗಿ ಸಮಂಜಸ ಎನ್ನಿಸಿತು. ‘ಸದರಿ ಸೇತುವೆ ಸುಸ್ಥಿತಿಯಲ್ಲಿದ್ದು ಇನ್ನೂ ಐವತ್ತು ವರ್ಷ ಬಾಳತಕ್ಕದ್ದು’ ಎಂದು ಬರೆದು ಸಹಿ ಹಾಕಿದರು. ಲಗತ್ತಪ್ಪ ಪ್ರಮಾಣಪತ್ರವನ್ನು ಕಚೇರಿಗೆ ಒಯ್ದು, ಕಡತ ಕಟ್ಟಿ, ಕಪಾಟಿನಲ್ಲಿಟ್ಟ. ಇನ್ನು ಸೇತುವೆ ಬೀಳುವುದೊಂದೇ ಬಾಕಿ.

ಬೀಳಬೇಕೆಂದಾಗ ಅದು ಬೀಳಬೇಕಲ್ಲ! ಒಂದು ವಾರವಾಯಿತು, ಎರಡು ವಾರವಾಯಿತು. ಜನ ಬೆಳಗ್ಗೆ ಎದ್ದು ಬಾಗಿಲು ತೆಗೆದು ಮೊದಲು ಸೇತುವೆಯ ಕಡೆ ನೋಡುವುದು, ನಿಟ್ಟುಸಿರು ಬಿಡುವುದು. “ಇವರು ಕೈ ಹಾಕಿದ್ದು ಯಾವುದು ತಾನೇ ಆಗುತ್ತೆ?” ಎಂದು ಲಗತ್ತಪ್ಪನಿಗೆ ಕೇಳಿಸುವಂತೆಯೇ ಆಡಿಕೊಂಡರು. ಈ ಸುದ್ದಿಯೆಲ್ಲ ಮಾವನ ಕಿವಿಗೂ ಬಿತ್ತು. ಇಂಥ ಸಂದರ್ಭವನ್ನು ಅವರು ಬಿಟ್ಟುಕೊಡುವವರಲ್ಲ. ಇಪ್ಪತ್ತನೆಯ ದಿನ ಬೆಳಗ್ಗೆ ಹತ್ತು ಗಂಟೆಗೆ, ಗರಿಗರಿ ಇಸ್ತ್ರಿ ಬಟ್ಟೆ ತೊಟ್ಟು, ಊರುಗೋಲು ಹಿಡಿದು ಬಂದರು. ಬಂದವರು ಸೇತುವೆಯ ನಟ್ಟನಡುವೆ ನಿಂತು, ಎದುರಿನಿಂದ ಕಚೇರಿಗೆ ಹೊರಟಿದ್ದ ಅಳಿಯನನ್ನು ತಡೆದರು. ಸುತ್ತ ಜನ ಇದ್ದರು. ಮಾಸ್ತರಿಗೆ ತರಗತಿ ತುಂಬಿದಂತಾಯಿತು.

“ಏನು ಅಳಿಯಂದಿರೇ! ಎರಡು ಕೋಟಿ ಕೈಯಲ್ಲಿದೆ ಅಂದ್ರಿ. ಈ ಸೇತುವೆ ಬೀಳುತ್ತೆ ಅಂತ ಹೇಳಿಕೊಂಡು ತಿರುಗಿದ್ರಿ. ಎಲ್ಲಿ?” ಊರುಗೋಲಿನಿಂದ ಒಂದು ಸಲ ಕುಟ್ಟಿದರು. “ಎಲ್ಲಿ ಬೀಳುತ್ತೆ?” ಇನ್ನೊಂದು ಸಲ ಕುಟ್ಟಿದರು. “ತೋರಿಸಿ ನೋಡೋಣ!”

ಮೂರನೆಯ ಸಲ ಕುಟ್ಟಿದ್ದು ಕಂಡಿತು, ಆಮೇಲೆ ಮಾವ ಕಾಣಲಿಲ್ಲ. ಧೂಳು ಅಡಗಿದಾಗ ಅವರು ಮೊಳಕಾಲುದ್ದ ಕೆಸರಿನಲ್ಲಿ, ಊರುಗೋಲು ಹಿಡಿದು ನೆಟ್ಟಗೆ ನಿಂತಿದ್ದರು. ಒಂದು ಗೀರೂ ಆಗಿರಲಿಲ್ಲ. ಬಲಗಾಲಿನ ಚಪ್ಪಲಿ ಒಂದು ಮಾತ್ರ ನೀರಿನ ಜೊತೆ ಹೊರಟುಹೋಗಿತ್ತು.

“ಬಿತ್ತು! ಬಿತ್ತು!” ಬೀದಿಯೆಲ್ಲ ಕುಣಿಯಿತು. ಇಸ್ತ್ರಿಯವನು ಚಪ್ಪಾಳೆ ತಟ್ಟಿದ. ಟೈಲರಕ್ಕ ಸಂತೋಷಕ್ಕೆ ಕಣ್ಣೊರೆಸಿಕೊಂಡಳು.

“ಹಿರಿಯರು ಬಿದ್ದಾಗ ಚಪ್ಪಾಳೆ ತಟ್ಟೋದನ್ನು ಯಾವ ಶಾಲೆಯಲ್ಲಿ ಕಲಿತಿರಿ?” ಎಂದು ಕೆಳಗಿನಿಂದ ಮಾವ ಗುಡುಗಿದರು.

ಲಗತ್ತಪ್ಪ ಅಂಚಿನಲ್ಲಿ ಮಂಡಿಯೂರಿ ಕೈ ಚಾಚಿದ. ಅರ್ಧ ಚಾಚಿ ತಡೆದ. “ಮಾವ, ಇದು ಬೀಳುತ್ತೆ ಅಂತ ನೀವು ಊಹಿಸಿರಲಿಲ್ಲ ತಾನೇ?”

“ಊಹಿಸಿದ್ರೆ ಬಂದು ನಿಲ್ತಿದ್ನೇನ್ರೀ!”

“ಹಾಗಂತ ಬರೆದುಕೊಡ್ತೀರಾ?”

ಮುಖ್ಯಾಧಿಕಾರಿಗೆ ಅಂದು ಹಿಗ್ಗೋ ಹಿಗ್ಗು. ‘ಯಾರೂ ಊಹಿಸದ ರೀತಿಯಲ್ಲಿ’ ಎಂಬ ಮಾತನ್ನು ಒಂದೇ ಪುಟದಲ್ಲಿ ಆರು ಸಲ ಬರೆದು, ಕಡತವನ್ನು ಮೇಲಿನ ಕಚೇರಿಗೆ ಕಳಿಸಿದರು. ಅಲ್ಲಿಯವರೆಗೆ ಬೀದಿಯವರು ಚರಂಡಿಗೆ ಅಡ್ಡಲಾಗಿ ಹಳೆಯ ವಿದ್ಯುತ್ ಕಂಬವೊಂದನ್ನು ಹಾಕಿ, ಅದರ ಮೇಲೆ ಕುಳಿತು ಜರುಗುತ್ತಾ ದಾಟಿದರು. ಇಸ್ತ್ರಿಯವನ ಹೆಂಡತಿ ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟಳು.

ಐದನೆಯ ದಿನ ಮೇಲಿನ ಕಚೇರಿಯಿಂದ ದುಡ್ಡು ಬರಲಿಲ್ಲ, ವಿಚಾರಣೆಯ ಮೇಡಂ ಬಂದರು. ವಯಸ್ಸಾದ, ಕನ್ನಡಕದ, ಅನವಶ್ಯಕವಾಗಿ ನಗದ ಹೆಂಗಸು. ಕಡತ ಬಿಚ್ಚಿ ಲಗತ್ತಪ್ಪನ ಮುಂದಿಟ್ಟರು. ಮೇಲೆ ಇಂಜಿನಿಯರರ ಪ್ರಮಾಣಪತ್ರ. ಅದರ ಹಿಂದೆ, ದಾರದಲ್ಲಿ ನೀಟಾಗಿ ಪೋಣಿಸಿದ ಇನ್ನೊಂದು ಕಾಗದ. ನೆತ್ತಿಯಲ್ಲಿ ಗುಂಡಗಿನ ಅಕ್ಷರದಲ್ಲಿ ‘ಲಗತ್ತು ಒಂದು’. ಲಗತ್ತಪ್ಪನ ಅರ್ಜಿ!

ಯಾರ ಕಣ್ಣಿಗೂ ಬೀಳಬಾರದು ಎಂದದ್ದು ಅವನ ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಪಳಗಿದ ಕೈ ತಲೆಯನ್ನು ಕೇಳದೆಯೇ ಕೆಲಸ ಮುಗಿಸಿತ್ತು. ಮುಖ್ಯಾಧಿಕಾರಿ ಅವನನ್ನು ನೋಡಿದ ನೋಟದಲ್ಲಿ ಬೈಗುಳವೂ ಉಳಿದಿರಲಿಲ್ಲ.

“ಎರಡು ತಿಂಗಳೊಳಗೆ ಬೀಳುತ್ತೆ ಅಂತ ಬರೆದಿದ್ದೀರಿ,” ಎಂದರು ಮೇಡಂ. “ಹಾಗೇ ಬಿತ್ತು. ಇದಕ್ಕೆ ಎರಡೇ ಅರ್ಥ. ನೀವೇ ಹಾರೆ ಹಾಕಿ ಕೆಡವಿರಬೇಕು. ಹಾಗಿದ್ರೆ ನಿಮ್ಮ ಕೆಲಸ ಹೋಗುತ್ತೆ. ಇಲ್ಲ, ನಿಮಗೆ ಮೊದಲೇ ಗೊತ್ತಿರಬೇಕು. ಹಾಗಿದ್ರೆ ಸೇತುವೆ ಹೋಗುತ್ತೆ. ನಿಧಿಯಿಂದ ಕೊಡೋಕೆ ಬರಲ್ಲ. ಯಾವುದು?”

ಆಗ ಮುಖ್ಯಾಧಿಕಾರಿ ಎದ್ದು ನಿಂತರು. “ಮೂರನೇದೂ ಒಂದಿದೆ ಮೇಡಂ. ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಗಿದೆ. ಇವರು ಏನೋ ಗೀಚಿದ್ರು, ಅದು ಹೇಗೋ ಬಿತ್ತು. ಈ ಮನುಷ್ಯನಿಗೆ ಮುಂದಾಲೋಚನೆ ಅನ್ನೋದು ಹುಟ್ಟಿದಾಗಿಂದಲೇ ಇಲ್ಲ.”

“ಸಾಕ್ಷಿ?”

“ಬೀದಿಗೆ ಬೀದಿಯೇ ಇದೆ ಮೇಡಂ.”

ಸಂಜೆ ಇಸ್ತ್ರಿಯವನು ಲಗತ್ತಪ್ಪನ ಮನೆಗೆ ಬಂದು ಬಾಗಿಲಲ್ಲೇ ನಿಂತ. ನೆಲ ನೋಡುತ್ತಾ, “ಅಣ್ಣಾ, ನಾಳೆ ನಾವೆಲ್ಲ ನಿಮ್ಮನ್ನ ದಡ್ಡ ಅಂತ ಹೇಳ್ಬೇಕಂತೆ. ಬೇಜಾರು ಮಾಡ್ಕೋಬೇಡಿ. ಅವಳಿಗೆ ಇನ್ನು ಮೂರೇ ವಾರ ಇರೋದು,” ಎಂದ.

“ಹೇಳಪ್ಪಾ, ಧಾರಾಳವಾಗಿ ಹೇಳು,” ಎಂದ ಲಗತ್ತಪ್ಪ. “ನಿನಗೆ ಏನಾದ್ರೂ ನೆನಪಾಗದೇ ಇದ್ರೆ ನನ್ನ ಕೇಳು, ನಾನೇ ಹೇಳಿಕೊಡ್ತೀನಿ.” ಒಳಗಿದ್ದ ಹೆಂಡತಿ ಪಾತ್ರೆಯನ್ನು ಸ್ವಲ್ಪ ಜೋರಾಗಿಯೇ ಇಟ್ಟಳು.

ಮಾರನೆಯ ದಿನ ಪುರಸಭೆಯ ಸಭಾಂಗಣದಲ್ಲಿ ಹೇಳಿಕೆಗಳು ನಡೆದವು. ಬಾಗಿಲು ತೆರೆದೇ ಇತ್ತು. ಲಗತ್ತಪ್ಪ ಹೊರಗೆ ಬೆಂಚಿನ ಮೇಲೆ ಕುಳಿತು ತನ್ನ ಜೀವನಚರಿತ್ರೆಯನ್ನು ಕೇಳಿಸಿಕೊಂಡ.

“ಪ್ರತಿ ವರ್ಷ ಅಂಗಿ ಹೊಲಿಯೋಕೆ ಕೊಡ್ತಾರೆ ಮೇಡಂ,” ಎಂದಳು ಟೈಲರಕ್ಕ. “ಪ್ರತಿ ವರ್ಷ ಹಳೇ ಅಳತೆನೇ ಸಾಕು ಅಂತಾರೆ. ಪ್ರತಿ ವರ್ಷ ಬಿಚ್ಚಿ ಹೊಲೀತೀನಿ. ತನ್ನ ಹೊಟ್ಟೆ ಮುಂದಕ್ಕೆ ಬರೋದೇ ಗೊತ್ತಾಗದವರಿಗೆ ಸೇತುವೆ ಕೆಳಕ್ಕೆ ಹೋಗೋದು ಗೊತ್ತಾಗುತ್ತಾ?”

ಮೇಡಂ ಬರೆದುಕೊಂಡರು. ಇಸ್ತ್ರಿಯವನು ‘ಅಣ್ಣ ದಡ್ಡರು’ ಎನ್ನುವಷ್ಟರಲ್ಲಿ ಅಳು ಬಂದು, ಆಮೇಲೆ ಏನು ಹೇಳಿದನೋ ಯಾರಿಗೂ ತಿಳಿಯಲಿಲ್ಲ, ಅದನ್ನೂ ಬರೆದುಕೊಂಡರು. ಹೀಗೆ ಸೇತುವೆ ಬಂಡೆಯಂತಿದೆ ಎಂದಿದ್ದ ಹದಿನೆಂಟು ಜನವೂ, ಅಷ್ಟೇ ಒಗ್ಗಟ್ಟಿನ ದನಿಯಲ್ಲಿ, ಲಗತ್ತಪ್ಪನ ತಲೆಯೊಳಗೂ ಅದೇ ಪದಾರ್ಥ ಇದೆ ಎಂದು ಪ್ರಮಾಣ ಮಾಡಿದರು.

ಆಮೇಲೆ ಮಾವ. ಹೊಸ ಚಪ್ಪಲಿ ಮೆಟ್ಟಿ, ಕೈಯಲ್ಲಿ ನಾಲ್ಕು ಹಾಳೆ ಟಿಪ್ಪಣಿ ಹಿಡಿದು ಬಂದಿದ್ದರು. ಇಂಥ ಅವಕಾಶಕ್ಕಾಗಿ ಅವರು ಹದಿನಾರು ವರ್ಷ ಕಾದಿದ್ದರು ಎಂಬುದು ಮುಖದಲ್ಲೇ ಕಾಣುತ್ತಿತ್ತು.

“ಅಂಶ ಒಂದು. ಮದುವೆಗೆ ಮುಂಚೆ ಮೊದಲ ಸಲ ನಮ್ಮ ಮನೆಗೆ ಬಂದಾಗ, ಪಕ್ಕದ ಮನೆಗೆ ಹೋಗಿ ಕೂತು ಚಹಾ ಕುಡಿದು, ‘ಹುಡುಗಿ ಎಲ್ಲಿ’ ಅಂತ ಕೇಳಿದ್ದು. ಅಂಶ ಎರಡು. ರೈಲು ಬರುವ ಹೊತ್ತನ್ನು ರೈಲು ಹೊರಡುವ ಹೊತ್ತು ಎಂದು ತಿಳಿದು, ನನ್ನನ್ನು ಎದುರುಗೊಳ್ಳಲು ಮಾರನೆಯ ದಿನ ಬಂದದ್ದು…”

ಅಂಶ ಹನ್ನೊಂದಕ್ಕೆ ಬರುವಷ್ಟರಲ್ಲಿ ಮೇಡಂ ಲೇಖನಿ ಎತ್ತಿದರು. “ಸಾಕು ಸಾರ್. ಮನವರಿಕೆ ಆಯ್ತು.”

“ಇನ್ನೂ ಎಂಟು ಉಳಿದಿವೆ.”

“ಸಾಕು.”

“ಬರೆದಾದರೂ ಕೊಡುತ್ತೇನೆ,” ಎಂದು ಮಾವ ಹಾಳೆಗಳನ್ನು ಮೇಜಿನ ಮೇಲಿಟ್ಟರು. ಹೊರಗೆ ಬಂದವರು ಬೆಂಚಿನ ಹತ್ತಿರ ನಿಂತು, ಅಳಿಯನ ಭುಜದ ಮೇಲೆ ಕೈಯಿಟ್ಟರು. “ನಿಮ್ಮ ಒಳ್ಳೆಯದಕ್ಕೇ ಹೇಳಿದೆ ಅಳಿಯಂದಿರೇ.” ಮೊದಲ ಬಾರಿಗೆ ಆ ಬಹುವಚನದಲ್ಲಿ ಒಂಚೂರು ಪ್ರೀತಿ ಇದ್ದಂತಿತ್ತು.

ಕೊನೆಯ ಸಾಕ್ಷಿ ಲಗತ್ತಪ್ಪನ ಹೆಂಡತಿ. ಅವಳು ಒಳಗೆ ಹೋಗಿ ಒಂದು ಮಾತಾಡಿದಳೋ ಇಲ್ಲವೋ, ಮೇಡಂ ತಾವೇ ಎದ್ದು ಬಂದು ಬಾಗಿಲು ಹಾಕಿದರು. ಹತ್ತು ನಿಮಿಷವಾಯಿತು. ಹೊರಗೆ ಬಂದ ಹೆಂಡತಿಯ ಕಣ್ಣು ಕೆಂಪಗಿತ್ತು. ಗಂಡನ ಕಡೆ ನೋಡದೆ ಮನೆಗೆ ಹೊರಟುಹೋದಳು. ಬೀದಿಯವರು ಅಂದದ್ದು ಲಗತ್ತಪ್ಪನಿಗೆ ತಾಗಿರಲಿಲ್ಲ, ಮಾವ ಅಂದದ್ದಂತೂ ಅಭ್ಯಾಸವಾಗಿತ್ತು. ಇವಳು ಏನೆಂದಳು ಎಂಬುದೊಂದೇ ಅವನಿಗೆ ಬೇಕಿತ್ತು, ಕೇಳುವ ಧೈರ್ಯವಿರಲಿಲ್ಲ.

ಸಂಜೆ ಮೇಡಂ ತೀರ್ಮಾನ ಓದಿದರು. “ಸದರಿ ನೌಕರರಿಗೆ ಯಾವುದೇ ಬಗೆಯ ಮುಂದಾಲೋಚನೆ ಇಲ್ಲವೆಂಬುದು ಇಪ್ಪತ್ತು ಸಾಕ್ಷಿಗಳಿಂದ ನಿಸ್ಸಂಶಯವಾಗಿ ಸಾಬೀತಾಗಿದೆ. ಆದ್ದರಿಂದ ಸದರಿಯವರ ಅರ್ಜಿಯನ್ನು ಊಹೆ ಎಂದು ಪರಿಗಣಿಸಲಾಗದು. ಸೇತುವೆ ಬಿದ್ದದ್ದು ಊಹಿಸಲಾಗದ ಘಟನೆ. ಮೀಸಲು ನಿಧಿಯಿಂದ ಹತ್ತು ದಿನಗಳೊಳಗೆ ಕಬ್ಬಿಣದ ಸೇತುವೆ ನಿರ್ಮಿಸತಕ್ಕದ್ದು.” ಜನ ಲಗತ್ತಪ್ಪನನ್ನು ಎತ್ತಿ ಕುಣಿಸಿದರು. ‘ದಡ್ಡಣ್ಣನಿಗೆ ಜೈ’ ಎಂದೂ ಯಾರೋ ಕೂಗಿದರು. ಅದರಲ್ಲಿ ವ್ಯಂಗ್ಯವೇನೂ ಇರಲಿಲ್ಲ. ತೀರ್ಮಾನದ ಒಂದು ಪ್ರತಿ ಅವನ ಸೇವಾ ಪುಸ್ತಕಕ್ಕೂ ಸೇರಿತು. ಮುಖ್ಯಾಧಿಕಾರಿ ಅದನ್ನು ಓದಿ ನೋಡಿ, ಮೀಸಲು ನಿಧಿಯ ಕೆಲಸವನ್ನು ಕಾಯಂ ಆಗಿ ಅವನಿಗೇ ವಹಿಸಿದರು. ಏನನ್ನೂ ಊಹಿಸದವನೆಂದು ಸರ್ಕಾರವೇ ಒಪ್ಪಿದ ಗುಮಾಸ್ತ ಇನ್ನಾವ ಪುರಸಭೆಯಲ್ಲಿದ್ದಾನೆ? ಆ ವರ್ಷ ಫಲಕ ಪಕ್ಕದ ಊರಿನ ಪಾಲಾಯಿತು. ಮುಖ್ಯಾಧಿಕಾರಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಸೇತುವೆ ಹತ್ತು ದಿನದಲ್ಲಿ ಆಗಲಿಲ್ಲ, ಹದಿನೇಳು ದಿನದಲ್ಲಿ ಆಯಿತು. ಹದಿನೆಂಟನೆಯ ದಿನ ಮಧ್ಯಾಹ್ನ ಆಟೋ ಒಂದು ಹಾರ್ನ್ ಹೊಡೆಯುತ್ತಾ ಬೀದಿಯ ಒಳಗೇ ಬಂತು. ಇಸ್ತ್ರಿಯವನ ಹೆಂಡತಿಯನ್ನು ಹತ್ತಿಸಿಕೊಂಡು, ಹೊಸ ಕಬ್ಬಿಣದ ಮೇಲೆ ಗಡಗಡ ಸದ್ದು ಮಾಡುತ್ತಾ ದಾಟಿಹೋಯಿತು. ಲಗತ್ತಪ್ಪ ಮತ್ತು ಅವನ ಹೆಂಡತಿ ಬಾಗಿಲಲ್ಲಿ ನಿಂತು, ಆಟೋ ಮರೆಯಾಗುವವರೆಗೂ ನೋಡಿದರು. ಇಷ್ಟು ದಿನ ಕೇಳದೆ ಇಟ್ಟುಕೊಂಡಿದ್ದ ಪ್ರಶ್ನೆಯನ್ನು ಲಗತ್ತಪ್ಪ ಆಗ ಕೇಳಿದ.

“ಅವತ್ತು ಬಾಗಿಲು ಹಾಕ್ಕೊಂಡು ಮೇಡಂ ಹತ್ರ ಏನಂದೆ?”

“ನಿಜ ಹೇಳ್ದೆ,” ಎಂದಳು ಹೆಂಡತಿ. “ಊರಲ್ಲಿ ಇಷ್ಟು ಜನ ಇದ್ದರೂ, ಬೀಳುತ್ತೆ ಅಂತ ಗೊತ್ತಿದ್ದದ್ದು ಇವರೊಬ್ಬರಿಗೇ. ಮಂಡಿಯೂರಿ ಕೂತು ನೋಡಿ, ಬರೆದುಕೊಟ್ಟಿದ್ದು ಇವರೊಬ್ಬರೇ. ನಮ್ಮಪ್ಪ ಹೇಳಿದ್ದೆಲ್ಲ ಸುಳ್ಳು ಅಂದೆ.”

“ಅಯ್ಯೋ! ಹಾಗಂದುಬಿಟ್ಯಾ? ಮತ್ತೆ ಸೇತುವೆ…”

“ನಾನು ಬಾಯಿ ತೆಗೆದಾಗಲೇ ಎದ್ದು ಬಾಗಿಲು ಹಾಕಿ ಬಂದಿದ್ದವರು, ಇದನ್ನೆಲ್ಲ ಕೇಳಿ ಲೇಖನಿ ಕೆಳಗಿಟ್ರು. ‘ನೋಡಮ್ಮಾ, ನನಗೂ ಗೊತ್ತು. ಆ ಅರ್ಜಿ ಓದಿದವರಿಗೆಲ್ಲ ಗೊತ್ತಾಗುತ್ತೆ. ಆದ್ರೆ ನಿಯಮದಲ್ಲಿ ಎರಡರಲ್ಲಿ ಒಂದೇ ಕೊಡೋಕೆ ಬರೋದು. ನಿಮಗೆ ಸೇತುವೆ ಬೇಕೋ, ಬುದ್ಧಿವಂತ ಗಂಡ ಬೇಕೋ?’ ಅಂದ್ರು.”

“ನೀನೇನಂದೆ?”

“ಎರಡೂ ಬೇಕು ಅಂದೆ. ಆಗಲ್ಲ ಅಂದ್ರು. ಸ್ವಲ್ಪ ಹೊತ್ತು ಅತ್ತೆ. ಆಮೇಲೆ, ಗಂಡ ಹೇಗೂ ನಮ್ಮ ಮನೇಲೇ ಇದ್ದಾರೆ, ಅವರು ಎಂಥವರು ಅಂತ ಯಾರೂ ಬರೆದುಕೊಡೋದು ಬೇಡ, ಸೇತುವೆನೇ ಬರ್ಕೊಳ್ಳಿ ಅಂದೆ. ಅವರು ಬರೆದ್ರು. ನಾನು ಸಹಿ ಹಾಕಿ ಬಂದೆ.”

ಲಗತ್ತಪ್ಪನಿಗೆ ಸಂತೋಷ ಎಷ್ಟಾಗಿತ್ತೆಂದರೆ, ಎಲ್ಲಿ ಅತ್ತುಬಿಡುತ್ತೇನೋ ಎಂದು ಹೆದರಿ ಕಬ್ಬಿಣದ ಸೇತುವೆಯ ಕಡೆಗೇ ನೋಡುತ್ತಾ ನಿಂತ. ಏನಾದರೂ ಒಂದು ಮಾತಾಡಲೇಬೇಕಿತ್ತು.

“ಸಹಿ ಕೆಳಗೆ ದಿನಾಂಕ ಹಾಕಿದ್ಯಾ?” ಎಂದು ಕೇಳಿದ.

“ಹಾಕಿದೀನಿ ರೀ,” ಎಂದಳು ಹೆಂಡತಿ.